ಸ್ಲೈಡ್ ತೋರಿಸಿದವರು, ಸ್ಟೋರ್ಸಿಗೆ ಬಂದವರು

ನಮ್ಮ ಕಂಪನಿಯ ಬೋರ್ಡು ಇಆರ್‌ಪಿ ಹಾಕಿಸಲು ಒಪ್ಪಿಗೆ ಕೊಟ್ಟದ್ದು 2003ರಲ್ಲಿ. ಖರೀದಿಯಿಂದ ಹಿಡಿದು ಲೆಕ್ಕಪತ್ರದವರೆಗೆ ಕಾರ್ಖಾನೆಯ ಎಲ್ಲ ವಿಭಾಗಗಳನ್ನೂ ಒಂದೇ ವ್ಯವಸ್ಥೆಯೊಳಗೆ ತರುವ ಸಾಫ್ಟ್‌ವೇರಿಗೆ ಆ ಹೆಸರು. ಯಾವ ಸಾಫ್ಟ್‌ವೇರ್ ಎನ್ನುವುದು ಬೇಗ ತೀರ್ಮಾನವಾಯಿತು. ಜರ್ಮನಿಯ ಎಸ್‌ಎಪಿ, ಅಮೆರಿಕದ ಒರಾಕಲ್, ಹಾಲೆಂಡಿನ ಬಾನ್, ನಮ್ಮ ಪಕ್ಕದ ಚೆನ್ನೈನ ರಾಮ್ಕೊ, ಹೀಗೆ ಬೆರಳೆಣಿಕೆಯ ಹೆಸರುಗಳಷ್ಟೇ ನಮ್ಮಂಥ ಕಾರ್ಖಾನೆಗಳ ಮುಂದಿದ್ದವು. ಬೋರ್ಡು ಎಸ್‌ಎಪಿ ಎಂದಿತು, ಮುಗಿಯಿತು.

ಮುಗಿಯದೆ ಉಳಿದದ್ದು ಇನ್ನೊಂದು ಪ್ರಶ್ನೆ. ಕೊಂಡ ಸಾಫ್ಟ್‌ವೇರನ್ನು ನಮ್ಮ ಕೆಲಸಕ್ಕೆ ಹೊಂದಿಸಿ, ನಮ್ಮ ಜನಕ್ಕೆ ಕಲಿಸಿ, ಹಳೆಯ ಲೆಕ್ಕವನ್ನು ಹೊಸದಕ್ಕೆ ದಾಟಿಸಿ ಕೊಡುವ ಸಲಹಾ ಸಂಸ್ಥೆ ಯಾವುದು? ಲೈಸೆನ್ಸಿಗಿಂತ ಈ ಕೆಲಸಕ್ಕೇ ಹೆಚ್ಚು ಹಣ ಎತ್ತಿಡಲಾಗಿತ್ತು. ಇಡಿಪಿ ವಿಭಾಗದ ಮುಖ್ಯಸ್ಥೆಯಾಗಿ ನಾನೂ ಆಯ್ಕೆ ಸಮಿತಿಯಲ್ಲಿದ್ದೆ. ಪ್ರೋಗ್ರಾಂ ಬರೆಯುತ್ತ ಕಳೆದ ವರ್ಷಗಳಿಗಿಂತ ಆ ಹುಡುಕಾಟದ ಕಾಲದಲ್ಲೇ ನಾನು ಹೆಚ್ಚು ಕಲಿತೆ ಎಂದು ಈಗ ಅನ್ನಿಸುತ್ತದೆ.

ಇಡಿಪಿ ಎಂದರೆ ಎಲೆಕ್ಟ್ರಾನಿಕ್ ಡೇಟಾ ಪ್ರೊಸೆಸಿಂಗ್. ಇಂದಿನ ಐಟಿ ವಿಭಾಗದ ಅಜ್ಜಿ. ನಾನು ಎಂಬತ್ತರ ದಶಕದಲ್ಲಿ ಸೇರಿದಾಗ ಐಬಿಎಂ ಕಂಪನಿ ಭಾರತ ಬಿಟ್ಟು (1978) ಕೆಲವು ವರ್ಷಗಳಾಗಿದ್ದವು. ಕೊಬಾಲ್‌ನಲ್ಲಿ ಸಂಬಳದ ಪಟ್ಟಿ, ಅಗಲವಾದ 132 ಕಾಲಮ್ಮಿನ ಹಾಳೆಯ ಮೇಲೆ ಕರ್ರೆಂದು ಸದ್ದು ಮಾಡುವ ಪ್ರಿಂಟರು, ಎ.ಸಿ. ಇರುವ ಏಕೈಕ ಕೋಣೆ ನಮ್ಮದೆಂದು ಮಧ್ಯಾಹ್ನ ಬಂದು ಕೂರುವ ಬೇರೆ ವಿಭಾಗದವರು. ಪ್ರೋಗ್ರಾಮುಗಳನ್ನೆಲ್ಲ ನಾವೇ ಬರೆದುಕೊಂಡಿದ್ದೆವು. ಸ್ಟೋರ್ಸಿಗೊಂದು, ಅಕೌಂಟ್ಸಿಗೊಂದು, ಡಿಸ್ಪ್ಯಾಚಿಗೊಂದು. ಒಂದಕ್ಕೆ ಇನ್ನೊಂದರ ಪರಿಚಯವಿರಲಿಲ್ಲ. ತಿಂಗಳ ಕೊನೆಗೆ ಸ್ಟೋರ್ಸಿನ ಸ್ಟಾಕು ಒಂದು ಹೇಳಿದರೆ ಅಕೌಂಟ್ಸಿನ ಸ್ಟಾಕು ಬೇರೆಯೇ ಹೇಳುತ್ತಿತ್ತು. ಎರಡನ್ನೂ ತಾಳೆ ಹಾಕಲು ಇಬ್ಬರು ಗುಮಾಸ್ತರು ರಾತ್ರಿ ಎಂಟರವರೆಗೆ ಕೂರುತ್ತಿದ್ದರು.

ಸಲಹೆಗಾರರನ್ನು ಆರಿಸುವ ಮಾತು ಬಂದಾಗ ನಮ್ಮ ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಲೇಬೇಕು. ಪೀಣ್ಯದಲ್ಲಿ ಮುಖ್ಯ ಕಾರ್ಖಾನೆ, ಹೊಸೂರಿನಲ್ಲಿ ಇನ್ನೊಂದು. ಬೆಳಗಾವಿಯ ಫೌಂಡ್ರಿಗಳಿಂದ ಎರಕದ ಬಿಡಿಭಾಗ ಬರುತ್ತಿತ್ತು. ಅದರಲ್ಲಿ ಒಂದಷ್ಟನ್ನು ನಾವೇ ಕೊರೆದು ನಯ ಮಾಡುತ್ತಿದ್ದೆವು. ಉಳಿದದ್ದು ಪೀಣ್ಯ ಎರಡನೇ ಹಂತದ, ಕಾಮಾಕ್ಷಿಪಾಳ್ಯದ ಸಣ್ಣ ಶೆಡ್ಡುಗಳಿಗೆ ಜಾಬ್‌ವರ್ಕಿಗೆ ಹೋಗುತ್ತಿತ್ತು. ಮಾಲು ನಮ್ಮದು, ಕೂಲಿ ಅವರದು. ಹೋಗುವಾಗ ಎಕ್ಸೈಸ್ ನಿಯಮದ ಪ್ರಕಾರ ಒಂದು ಚಲನ್. 57ಎಫ್4 ಚಲನ್ ಎಂದೇ ಅದಕ್ಕೆ ಹೆಸರು. ನಿಯಮದ ಸಂಖ್ಯೆ ಎಂದೋ ಬದಲಾಗಿತ್ತು, ಗೇಟಿನ ವಾಚ್‌ಮನ್ನಿನಿಂದ ಮ್ಯಾನೇಜರವರೆಗೆ ಎಲ್ಲರ ಬಾಯಲ್ಲೂ ಹೆಸರು ಮಾತ್ರ ಅದೇ. ಕಳಿಸಿದ ಮಾಲು 180 ದಿನದೊಳಗೆ ವಾಪಸು ಬರಬೇಕು, ಇಲ್ಲವಾದರೆ ಪಡೆದ ತೆರಿಗೆ ಕ್ರೆಡಿಟ್ಟು ಹಿಂದಿರುಗಿಸಬೇಕು. ನೂರು ತುಂಡು ಹೋದರೆ ತೊಂಬತ್ತಾರು ಸರಿಯಾಗಿ ಬರುತ್ತವೆ, ಎರಡು ರಿಜೆಕ್ಟು, ಎರಡು ಎಲ್ಲೋ ಉಳಿದಿವೆ, ಜೊತೆಗೆ ತುರಿಯಾಗಿ ಬಿದ್ದ ಸ್ಕ್ರ್ಯಾಪ್ ಬೇರೆ. ಇದಿಷ್ಟೂ ಒಂದೇ ಚಲನ್ನಿನ ಕಥೆ.

ಹೊಸೂರಿನದು ಇನ್ನೊಂದು ಬಗೆ. ಬೆಂಗಳೂರಿನಿಂದ ನಲವತ್ತು ಕಿಲೋಮೀಟರು, ಆದರೆ ಅತ್ತಿಬೆಲೆ ಚೆಕ್‌ಪೋಸ್ಟ್ ದಾಟಿದರೆ ಬೇರೆ ರಾಜ್ಯ. ನಮ್ಮದೇ ಮಾಲನ್ನು ನಮ್ಮದೇ ಇನ್ನೊಂದು ಕಾರ್ಖಾನೆಗೆ ಕಳಿಸಿದರೂ ಅದು ಮಾರಾಟವಲ್ಲ ಎಂದು ತೋರಿಸಲು ಎಫ್ ಫಾರ್ಮ್ ಬೇಕಿತ್ತು. ಹೊರರಾಜ್ಯದ ಗಿರಾಕಿಗೆ ಕಡಿಮೆ ದರದ ಕೇಂದ್ರ ಮಾರಾಟ ತೆರಿಗೆ ಹಾಕಿದರೆ ಅವರಿಂದ ಸಿ ಫಾರ್ಮ್ ತರಿಸಿಕೊಳ್ಳಬೇಕಿತ್ತು. ಫಾರ್ಮು ಬಾರದಿದ್ದರೆ ವ್ಯತ್ಯಾಸದ ಹೊಣೆ ನಮ್ಮ ತಲೆಗೆ. ಜರ್ಮನಿಯಲ್ಲಿ ಹುಟ್ಟಿದ ಸಾಫ್ಟ್‌ವೇರಿಗೆ ಇವೆಲ್ಲವನ್ನೂ ಅರ್ಥ ಮಾಡಿಸಬೇಕಾದವರೇ ಸಲಹೆಗಾರರು.

ವಾಡಿಕೆಯಂತೆ ಆರ್‌ಎಫ್‌ಪಿ, ಅಂದರೆ ಸಲಹಾ ಸಂಸ್ಥೆಗಳಿಂದ ಪ್ರಸ್ತಾವ ಕೇಳುವ ದಾಖಲೆ, ತಯಾರಾಯಿತು. ನಮ್ಮ ಅಗತ್ಯಗಳನ್ನೆಲ್ಲ ಸಾಲುಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆ ‘ಇದೆ’, ‘ಇಲ್ಲ’, ‘ಮಾರ್ಪಾಡು ಮಾಡಿ ಕೊಡಬಹುದು’ ಎಂದು ಗುರುತು ಹಾಕಲು ಜಾಗ ಬಿಟ್ಟು ಕಳಿಸಿದೆವು. ದಪ್ಪ ದಪ್ಪ ಫೈಲುಗಳಲ್ಲಿ ಉತ್ತರ ಬಂತು. ತೆರೆದು ನೋಡಿದರೆ ಎಲ್ಲರದೂ ಎಲ್ಲ ಸಾಲಿನಲ್ಲೂ ‘ಇದೆ’. ಜಾಬ್‌ವರ್ಕ್? ಇದೆ. ಎಫ್ ಫಾರ್ಮ್? ಇದೆ. ನಮ್ಮ ಫೈನಾನ್ಸ್ ಡೈರೆಕ್ಟರು ಕನ್ನಡಕ ತೆಗೆದಿಟ್ಟು, “ಇವರನ್ನ ಏನು ಕೇಳಿದರೂ ಇದೆ ಅಂತಾರಲ್ರೀ, ನಮ್ಮಲ್ಲಿ ಇಲ್ಲದ್ದೊಂದನ್ನ ಸೇರಿಸಿ ಕಳಿಸಬೇಕಿತ್ತು” ಎಂದರು. ಅಂಕ ಕೊಟ್ಟು ಕೂಡಿದರೆ ಮೊದಲನೆಯವರಿಗೂ ಕೊನೆಯವರಿಗೂ ಅಂತರವೇ ಇರಲಿಲ್ಲ. ಆ ಪಟ್ಟಿಯಿಂದ ನಮಗಾದ ಉಪಯೋಗ ಒಂದೇ: ಅದನ್ನು ಬರೆಯುವ ನೆಪದಲ್ಲಿ ನಮ್ಮ ವಿಭಾಗಗಳು ಮೊದಲ ಸಲ ಒಟ್ಟಿಗೆ ಕೂತು, ಯಾರು ಏನು ಮಾಡುತ್ತಾರೆಂದು ಪರಸ್ಪರ ತಿಳಿದುಕೊಂಡವು.

ಆಮೇಲೆ ಪ್ರೆಸೆಂಟೇಶನ್ನುಗಳ ಸರದಿ. ಒಂದು ದೊಡ್ಡ ಸಂಸ್ಥೆಯವರು ಎಂ.ಜಿ. ರಸ್ತೆಯ ಬಳಿಯ ಹೋಟೆಲಿಗೆ ನಮ್ಮನ್ನು ಕರೆದರು. ಅವರ ಹಿರಿಯರು ಅದಕ್ಕೆಂದೇ ಮುಂಬೈಯಿಂದ ಬಂದಿದ್ದರು. ಪ್ರಪಂಚದ ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ಕಂಪನಿಗಳನ್ನು ಬದಲಾಯಿಸಿದ್ದೇವೆಂದು ಭೂಪಟದ ಮೇಲೆ ಚುಕ್ಕಿ ಹಾಕಿ ತೋರಿಸಿದರು. ಮಾತು ಬಲ್ಲವರು, ವಿಷಯವನ್ನೂ ಬಲ್ಲವರು. ಊಟದ ಹೊತ್ತಿಗೆ ನಾನು ಅವರನ್ನು ಕೇಳಿದೆ: “ಸಾರ್, ಪೀಣ್ಯದಲ್ಲಿ ನಮ್ಮ ಜೊತೆ ಕೂರೋರು ನೀವೇನಾ?” ಅವರು ನಕ್ಕರು. “ನಾನು ಸ್ಟೀರಿಂಗ್ ಕಮಿಟಿಗೆ ಬರ್ತೀನಿ ಮೇಡಂ. ದಿನಾ ಕೂರೋದಕ್ಕೆ ನಮ್ಮ ಟೀಮ್ ಇದೆ.” ಟೀಮು ಎಲ್ಲಿದೆ, ಯಾರ‍್ಯಾರು ಎಂದರೆ ಉತ್ತರ ತೇಲಿ ಹೋಯಿತು. ಹುಡುಗನನ್ನು ತೋರಿಸದೆ ಮನೆತನದ ಹಿರಿಯರೇ ಬಂದು ತಾಂಬೂಲ ಬದಲಾಯಿಸಿಕೊಳ್ಳೋಣ ಎಂದ ಹಾಗಿತ್ತು.

ಈ ವ್ಯಾಪಾರದ ಲೆಕ್ಕಾಚಾರವೇ ಹಾಗೆ. ಸಲಹಾ ಸಂಸ್ಥೆಯಲ್ಲಿ ಅನುಭವಿಗಳು ಕಡಿಮೆ, ಹೊಸದಾಗಿ ಸೇರಿದವರು ಹೆಚ್ಚು. ಅನುಭವಿಗಳು ಕೆಲಸ ಗೆದ್ದು ಕೊಡುತ್ತಾರೆ, ಹೊಸಬರು ಕೆಲಸ ಮಾಡುತ್ತಾರೆ, ಹೊಸಬರ ಕೆಲಸಕ್ಕೆ ಹಾಕುವ ಬಿಲ್ಲಿಗೂ ಅವರಿಗೆ ಕೊಡುವ ಸಂಬಳಕ್ಕೂ ನಡುವಿನ ಅಂತರದಲ್ಲಿ ಸಂಸ್ಥೆಯ ಲಾಭವಿದೆ. ಇದರಲ್ಲಿ ಮೋಸವೇನಿಲ್ಲ, ಹೊಸಬರು ಎಲ್ಲಾದರೂ ಕಲಿಯಲೇಬೇಕು. ಆದರೆ ಅವರು ಕಲಿಯುವುದು ನಮ್ಮ ಸ್ಟಾಕಿನ ಮೇಲೆ, ನಮ್ಮ ಬಿಲ್ಲಿನ ಮೇಲೆ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು. ಎಷ್ಟು ಜನ ಹೊಸಬರು, ಅವರ ತಲೆಯ ಮೇಲೆ ದಿನವೂ ಕೂರುವ ಹಿರಿಯರು ಯಾರು ಎಂದು ಕೇಳುವುದು ನಮ್ಮ ಹಕ್ಕು. ಹಾಗೆ ಕೇಳಿದಾಗ ಹೆಸರುಗಳನ್ನು ಕೊಟ್ಟು, ಅವರನ್ನು ನಮ್ಮೆದುರು ಕೂರಿಸಿದವರು ಎರಡೇ ಸಂಸ್ಥೆಯವರು.

ಅಷ್ಟು ಹೊತ್ತಿಗೆ ನಮಗೂ ಬುದ್ಧಿ ಬಂದಿತ್ತು. ಅವರು ತೋರಿಸುವುದನ್ನು ನೋಡುವ ಬದಲು ನಾವು ಕೊಟ್ಟದ್ದನ್ನು ಅವರು ಮಾಡಿ ತೋರಿಸಲಿ ಎಂದು ತೀರ್ಮಾನಿಸಿದೆವು. ನಿಜವಾದ ಒಂದು ಚಲನ್, ಅದರ ಮೇಲೆ ವಾಪಸು ಬಂದ ತುಂಡುಗಳ ಲೆಕ್ಕ, ಹೊಸೂರಿಗೆ ಹೋದ ಒಂದು ಲಾರಿ ಮಾಲಿನ ಕಾಗದಪತ್ರ, ಗಿರಾಕಿ ತಿರುಗಿಸಿ ಕಳಿಸಿದ ಒಂದು ಸರಕಿನ ವಿವರ. ಈ ನಾಲ್ಕನ್ನು ಲಕೋಟೆಯಲ್ಲಿ ಹಾಕಿ ಎಲ್ಲರಿಗೂ ಕೊಟ್ಟು, ಎರಡು ವಾರ ಬಿಟ್ಟು ಬನ್ನಿ ಎಂದೆವು. ಸಮಿತಿಗೆ ಸ್ಟೋರ್ಸ್ ಸೂಪರ್‌ವೈಸರನ್ನೂ ಸೇರಿಸಿಕೊಂಡೆವು. ಮೂವತ್ತು ವರ್ಷ ಅದೇ ಕಿಟಕಿಯ ಹಿಂದೆ ಕೂತವರು, ಯಾವ ಬಿನ್ನಿನಲ್ಲಿ ಏನಿದೆಯೆಂದು ಕಣ್ಣು ಮುಚ್ಚಿ ಹೇಳುವವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. “ಇಂಗ್ಲಿಷಲ್ಲಿ ಮಾತಾಡೋ ಮೀಟಿಂಗಿಗೆ ನಾನ್ಯಾಕ್ರೀ ಮೇಡಂ” ಎಂದು ಮೊದಲು ಹಿಂಜರಿದರು. ಬಂದ ಮೇಲೆ ಅವರಷ್ಟು ಚುರುಕಾಗಿ ಯಾರೂ ಕೇಳಲಿಲ್ಲ.

ಒಂದು ತಂಡದವರು ಚಲನ್ನನ್ನು ಸಲೀಸಾಗಿ ತೋರಿಸಿದರು. ಮಾಲು ಹೋಯಿತು, ಬಂತು, ಮುಗಿಯಿತು. ಮೇಷ್ಟ್ರು ನಿಧಾನವಾಗಿ ಕೇಳಿದರು: “ಸಾರ್, ಮಾಲು ಆ ಶೆಡ್ಡಿಂದ ನಮ್ಮಲ್ಲಿಗೆ ಬರದೇನೇ ನೇರ ಪ್ಲೇಟಿಂಗಿನೋರ ಹತ್ರ ಹೋದ್ರೆ?” ತಂಡದವರು ಮುಖ ಮುಖ ನೋಡಿಕೊಂಡರು. ಹಾಗೆ ನಡೆಯಬಾರದು, ಮೊದಲು ನಿಮ್ಮಲ್ಲಿಗೆ ಬಂದೇ ಹೋಗಬೇಕು, ಇದು ಬೆಸ್ಟ್ ಪ್ರಾಕ್ಟಿಸ್ ಎಂದರು. ಪೀಣ್ಯದಲ್ಲಿ ಒಂದು ಶೆಡ್ಡಿನಿಂದ ಪಕ್ಕದ ಶೆಡ್ಡಿಗೆ ಹೋಗುವ ಮಾಲು ಎರಡು ಸಲ ಟೆಂಪೊ ಹತ್ತಿ ನಮ್ಮ ಗೇಟು ದಾಟಿ ಹೋಗಬೇಕಂತೆ! ಆ ಪದವನ್ನು ನಾನು ಮುಂದೆ ಹಲವು ಸಂಸ್ಥೆಗಳವರ ಬಾಯಲ್ಲಿ ಕೇಳಿದ್ದೇನೆ. ಕೆಲವೊಮ್ಮೆ ಅದರಲ್ಲಿ ನಿಜವಾದ ತಿಳಿವಳಿಕೆ ಇರುತ್ತದೆ. ಅನೇಕ ಸಲ, ನಮಗೆ ಬರುವುದು ಇಷ್ಟೇ ಎನ್ನುವುದರ ಮರ್ಯಾದಸ್ಥ ರೂಪ ಅದು.

ಇನ್ನೊಂದು ಮಧ್ಯಮ ಗಾತ್ರದ ಸಂಸ್ಥೆ. ಅವರು ಲಕೋಟೆ ತೆಗೆದುಕೊಂಡು ಹೋದ ನಾಲ್ಕೈದು ದಿನಕ್ಕೆ ಫೋನ್ ಮಾಡಿ, ಒಂದು ದಿನ ಸ್ಟೋರ್ಸಿನಲ್ಲಿ ಬಂದು ನಿಲ್ಲಬಹುದೇ ಎಂದು ಕೇಳಿದರು. ಬಂದವರು ಪ್ರೊಡಕ್ಷನ್ ಎಂಜಿನಿಯರಾಗಿ ಕಾರ್ಖಾನೆಯಲ್ಲೇ ದುಡಿದು ಆಮೇಲೆ ಈ ಕಡೆಗೆ ಬಂದವರಂತೆ. ಬೆಳಿಗ್ಗೆ ಮೊದಲ ಶಿಫ್ಟಿನ ಹೊತ್ತಿಗೇ ಬಂದು ಮೇಷ್ಟ್ರ ಕಿಟಕಿಯ ಪಕ್ಕ ನಿಂತರು. ಸಾಫ್ಟ್‌ವೇರಿನ ಸುದ್ದಿಯನ್ನೇ ಎತ್ತಲಿಲ್ಲ. ಚಲನ್ನಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದೇನು ಎಂದು ಕೇಳಿದರು. ಶೆಡ್ಡಿನವರ ಹಳೆಯ ಬಾಕಿ ತುಂಡುಗಳನ್ನು ಮೇಷ್ಟ್ರು ಹಾಗೆ ಗುರುತಿಟ್ಟುಕೊಳ್ಳುತ್ತಿದ್ದರು. ನಮ್ಮ ಯಾವ ಪ್ರೋಗ್ರಾಮಿನಲ್ಲೂ ಇಲ್ಲದ, ನನಗೂ ಗೊತ್ತಿಲ್ಲದ ಲೆಕ್ಕ ಅದು. ಸಂಜೆ ಹೊರಡುವಾಗ ಆತ, “ಮೇಡಂ, ನಿಮ್ಮ ಆರ್‌ಎಫ್‌ಪಿಯಲ್ಲಿ ಈ ಪೆನ್ಸಿಲ್ ಬರಹ ಇಲ್ಲ. ನಿಮ್ಮ ಕಂಪನಿ ನಡೀತಿರೋದೇ ಇದರ ಮೇಲೆ” ಎಂದರು. ಪ್ರದರ್ಶನದ ದಿನ ಅವರ ಪಟ್ಟಿಯಲ್ಲಿ ಕೆಲವು ಸಾಲುಗಳ ಮುಂದೆ ‘ಇಲ್ಲ’ ಎಂದಿತ್ತು. ಮೊದಲು ‘ಇದೆ’ ಎಂದು ಬರೆದದ್ದನ್ನು ತಿದ್ದಿಕೊಂಡು ಬಂದಿದ್ದರು.

ಬೆಲೆಯ ಮಾತಿಗೆ ಬಂದಾಗ ಫೈನಾನ್ಸ್ ಡೈರೆಕ್ಟರು ಒಂದು ಪ್ರಶ್ನೆ ಹಾಕಿಕೊಟ್ಟರು. ಅದನ್ನು ನಾನು ಎಲ್ಲ ಕಡೆ ಕೇಳುವಂತೆ ಮಾಡಿದವರು ಅವರೇ. ಲೈಸೆನ್ಸು, ಸರ್ವರು, ನೆಟ್‌ವರ್ಕು ಇವುಗಳ ಮಾರಾಟದಲ್ಲಿ ನಿಮಗೆ ಕಮಿಷನ್ ಎಷ್ಟು? ಸಲಹೆ ಕೊಡುವವರೇ ಸರಕನ್ನೂ ಮಾರುತ್ತಿದ್ದರೆ, ಇಂಥದ್ದು ನಿಮಗೆ ಬೇಡ ಎನ್ನುವ ಸಲಹೆ ಅವರ ಬಾಯಿಂದ ಬರುವುದು ಕಷ್ಟ. ಒಂದು ಸಂಸ್ಥೆಯವರು ನಮ್ಮ ಡಿಪೊಗಳಿಗೆಲ್ಲ ಕೊಡಲು ಹೊರಟಿದ್ದ ಬಳಕೆದಾರರ ಲೈಸೆನ್ಸಿನ ಸಂಖ್ಯೆ ಅಲ್ಲಿ ಕಂಪ್ಯೂಟರ್ ಮುಟ್ಟುವ ಜನರ ಸಂಖ್ಯೆಗಿಂತ ಹೆಚ್ಚಿತ್ತು. ಕಮಿಷನ್ ತೆಗೆದುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೇಳಿದಾಗ ನೇರವಾಗಿ ಇಷ್ಟು ಎಂದವರೂ ಇದ್ದರು. ಅದು ಗೋಪ್ಯ ಎಂದವರ ಫೈಲನ್ನು ನಮ್ಮ ಡೈರೆಕ್ಟರು ಅಲ್ಲಿಗೇ ಮುಚ್ಚಿದರು.

ಸಲಹೆಗಾರರು ಹಿಂದೆ ಮಾಡಿಕೊಟ್ಟ ಕೆಲಸ ನೋಡಲು ನಮ್ಮನ್ನು ಕರೆದುಕೊಂಡು ಹೋದ ಕಡೆ ಎಲ್ಲವೂ ಚೆಂದ. ಅಲ್ಲಿನ ಐಟಿ ಮುಖ್ಯಸ್ಥರು ಕಾಫಿ ಕೊಟ್ಟು ಹೊಗಳುತ್ತಾರೆ, ಹೊಗಳಲೇಬೇಕು, ಕೋಟಿಗಟ್ಟಲೆ ಖರ್ಚು ಮಾಡಿಸಿದವರು ಅವರೇ ತಾನೆ. ಮೇಷ್ಟ್ರು ಬೇರೆ ದಾರಿ ಹಿಡಿದರು. ಅಂಥ ಒಂದು ಕಾರ್ಖಾನೆಗೆ ಹೋದಾಗ ಕಾನ್ಫರೆನ್ಸ್ ಹಾಲ್ ಬಿಟ್ಟು ಡಿಸ್ಪ್ಯಾಚ್ ಕಡೆ ನಡೆದು, ಅಲ್ಲಿನ ಗುಮಾಸ್ತನ ಜೊತೆ ಮಾತಿಗಿಳಿದರು. ಆತ ಡ್ರಾಯರಿನಿಂದ ಉದ್ದನೆಯ ರಿಜಿಸ್ಟರು ತೆಗೆದು ತೋರಿಸಿದನಂತೆ. ಕಂಪ್ಯೂಟರಿನಲ್ಲಿ ಒಂದು ಸಲ, ರಿಜಿಸ್ಟರಿನಲ್ಲಿ ಇನ್ನೊಂದು ಸಲ, ಏಕೆಂದರೆ ಕಂಪ್ಯೂಟರಿನ ಮೇಲೆ ಭರವಸೆಯಿಲ್ಲ. ಇಆರ್‌ಪಿ ನೆಲೆಯೂರಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. ಕೈಬರಹದ ರಿಜಿಸ್ಟರು ಇನ್ನೂ ಬದುಕಿದ್ದರೆ ಆ ಸಲಹೆಗಾರರ ಕೆಲಸ ಮುಗಿದಿಲ್ಲ ಎಂದರ್ಥ. ಆ ಮೇಲೆ ನಾವು ಸಲಹೆಗಾರರು ಕೊಟ್ಟ ಪಟ್ಟಿ ಬಿಟ್ಟು, ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಪರಿಚಯಸ್ಥರ ಮೂಲಕ, ಅವರು ಹೆಸರೆತ್ತದ ಗಿರಾಕಿಗಳನ್ನೂ ಹುಡುಕಿಕೊಂಡು ಹೋದೆವು.

ಕೊನೆಯ ಸುತ್ತಿನಲ್ಲಿ ಎಂ.ಡಿ. ಅವರೇ ಕೂತರು. 2005ರ ಏಪ್ರಿಲ್ 1ಕ್ಕೆ ಹೊಸ ವ್ಯವಸ್ಥೆ ಶುರುವಾಗಬೇಕು ಎಂಬುದು ಅವರ ಪಟ್ಟು. ಹೊಸ ಹಣಕಾಸು ವರ್ಷ, ಹೊಸ ಲೆಕ್ಕ, ನೋಡಲು ಅಚ್ಚುಕಟ್ಟು. ದೊಡ್ಡ ಸಂಸ್ಥೆಯವರು, ಆಗಬಹುದು ಸಾರ್, ಹೆಚ್ಚು ಜನ ಹಾಕುತ್ತೇವೆ ಎಂದರು. ಸ್ಟೋರ್ಸಿಗೆ ಬಂದಿದ್ದಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಆ ದಿನಕ್ಕೆ ಬೇಡ” ಎಂದರು. ರಾಜ್ಯಗಳಲ್ಲಿ ಮಾರಾಟ ತೆರಿಗೆಯ ಬದಲು ವ್ಯಾಟ್ ತರುವ ಮಾತು ಕೆಲವು ವರ್ಷಗಳಿಂದ ನಡೆದಿತ್ತು, ಒಂದೆರಡು ಸಲ ಮುಂದಕ್ಕೂ ಹೋಗಿತ್ತು. ಈ ಸಲ ಬಂದರೆ ಅದೇ ಏಪ್ರಿಲ್ಲಿಗೆ ಬರುತ್ತದೆ, ತೆರಿಗೆಯೂ ವ್ಯವಸ್ಥೆಯೂ ಒಂದೇ ದಿನ ಬದಲಾದರೆ ಲೆಕ್ಕ ತಪ್ಪಿದಾಗ ಯಾವುದರಿಂದ ತಪ್ಪಿತೆಂದು ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಎಂ.ಡಿ. ಮುಖ ಬಿಗಿದುಕೊಂಡರು. ಕೆಲಸ ಸಿಗುವ ಮೊದಲೇ ಎಂ.ಡಿ.ಗೆ ಬೇಡ ಎನ್ನುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆತ ಅಂದು ಒಂದು ಉದಾಹರಣೆ ಕೊಟ್ಟರು. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರ ಜುಲೈನಲ್ಲಿ ಇಂಥದೇ ಸಾಫ್ಟ್‌ವೇರುಗಳನ್ನು ಒಟ್ಟಿಗೆ ಚಾಲನೆಗೆ ತಂದಿತು. ಯೋಜನೆಯ ಖರ್ಚು 11.2 ಕೋಟಿ ಡಾಲರು. ನಾಲ್ಕು ವರ್ಷದಲ್ಲಿ ಆಗಬೇಕಿದ್ದುದನ್ನು ಎರಡೂವರೆ ವರ್ಷಕ್ಕೆ ಇಳಿಸಿದ್ದರು. ಅಕ್ಟೋಬರಿನಲ್ಲಿ ಹ್ಯಾಲೋವೀನ್ ಬಂತು, ಮಿಠಾಯಿಗೆ ಅದೇ ದೊಡ್ಡ ಸೀಸನ್ನು. ಗೋದಾಮಿನಲ್ಲಿ ಮಾಲು ಇತ್ತು, ಕೈಯಲ್ಲಿ ಆರ್ಡರು ಇತ್ತು, ಒಂದನ್ನು ಇನ್ನೊಂದಕ್ಕೆ ಸೇರಿಸಿ ಲಾರಿ ಹತ್ತಿಸಲು ಆಗಲಿಲ್ಲ. ಸುಮಾರು ಹತ್ತು ಕೋಟಿ ಡಾಲರಿನ ಆರ್ಡರು ಕೈತಪ್ಪಿತು, ಆ ವರ್ಷದ ಮೂರನೇ ತ್ರೈಮಾಸಿಕದ ಲಾಭ ಶೇಕಡಾ 19 ಕುಸಿಯಿತು. ಸಾಫ್ಟ್‌ವೇರು ಕೆಟ್ಟದ್ದಾಗಿರಲಿಲ್ಲ, ಮುಂದೆ ಅದೇ ಕಂಪನಿ ಅದನ್ನೇ ಚೆನ್ನಾಗಿ ಬಳಸಿತು. ದಿನಾಂಕ ಕೆಟ್ಟಿತ್ತು.

ಎಂ.ಡಿ. ಅವತ್ತು ಏನೂ ಹೇಳಲಿಲ್ಲ. ವಾರದ ಮೇಲೆ ನನ್ನನ್ನು ಕರೆದು, “ನನಗೆ ಬೇಡ ಅಂದೋನಿಗೇ ಕೊಡ್ರಿ. ನನಗೆ ಬೇಡ ಅನ್ನೋಕೆ ಇಲ್ಲಿ ಯಾರೂ ಇಲ್ಲ” ಎಂದರು.

ಆ ಮೇಲೆ ಓದುತ್ತ ಹೋದ ಹಾಗೆ ಇಂಥ ಕಥೆಗಳು ಎಷ್ಟೋ ಸಿಕ್ಕವು. ಫಾಕ್ಸ್‌ಮೇಯರ್ ಎಂಬ ಅಮೆರಿಕದ ದೊಡ್ಡ ಔಷಧ ವಿತರಣಾ ಕಂಪನಿ 1993ರಲ್ಲಿ ಇಂಥ ಯೋಜನೆಗೆ ಕೈಹಾಕಿ 1996ರಲ್ಲಿ ದಿವಾಳಿ ಎದ್ದಿತು. ಹಳೆಯ ಮೇನ್‌ಫ್ರೇಮ್ ರಾತ್ರಿಗೆ 4,20,000 ಆರ್ಡರು ಅರೆಯುತ್ತಿದ್ದರೆ ಹೊಸದು 10,000ಕ್ಕೇ ಸುಸ್ತಾಗುತ್ತಿತ್ತು ಎಂದು ವರದಿಯಾಗಿತ್ತು. ಅಷ್ಟು ಆರ್ಡರಿನ ವಿತರಣಾ ವ್ಯವಹಾರದಲ್ಲಿ ಆ ಸಾಫ್ಟ್‌ವೇರನ್ನು ಅದಕ್ಕೆ ಮೊದಲು ಯಾರೂ ನಡೆಸಿ ನೋಡಿರಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದ ಆರೋಗ್ಯ ಇಲಾಖೆಯದು ಸಂಬಳದ ಕಥೆ. 2010ರಲ್ಲಿ ಹೊಸ ವ್ಯವಸ್ಥೆ ಶುರುವಾದಾಗ ದಾದಿಯರಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಬರಲೇ ಇಲ್ಲ, ಇನ್ನು ಕೆಲವರಿಗೆ ಹೆಚ್ಚು ಬಂತು. ಸುಮಾರು 60 ಲಕ್ಷ ಆಸ್ಟ್ರೇಲಿಯನ್ ಡಾಲರಿನಿಂದ ಆರಂಭವಾದ ಗುತ್ತಿಗೆಯ ಹಿಂದೆ ಒಟ್ಟು 120 ಕೋಟಿ ಡಾಲರು ಹೋಗುತ್ತದೆಂದು ಅಂದಾಜಾಯಿತು. 2013ರಲ್ಲಿ ವಿಚಾರಣಾ ಆಯೋಗ ಅದನ್ನು ಪರಿಶೀಲಿಸಿದಾಗ ಗುತ್ತಿಗೆದಾರರನ್ನು ಆರಿಸಿದ ರೀತಿಯಲ್ಲೇ ದೋಷ ಕಂಡಿತು. ಸರ್ಕಾರವೂ ತನಗೇನು ಬೇಕೆಂದು ಸರಿಯಾಗಿ ಹೇಳಿರಲಿಲ್ಲ. ಜರ್ಮನಿಯ ಲಿಡ್ಲ್ ಅಂಗಡಿ ಸರಣಿಯಂತೂ ಏಳು ವರ್ಷ ಹೆಣಗಿ, ಸುಮಾರು 50 ಕೋಟಿ ಯೂರೊ ಸುರಿದು 2018ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಅವರು ಸರಕಿನ ಲೆಕ್ಕವನ್ನು ಕೊಂಡ ಬೆಲೆಯಲ್ಲಿ ಇಡುತ್ತಿದ್ದರು, ಸಾಫ್ಟ್‌ವೇರು ಮಾರುವ ಬೆಲೆಯಲ್ಲಿ ಇಡುತ್ತಿತ್ತು. ತಮ್ಮ ಪದ್ಧತಿ ಬಿಡದೆ ಸಾಫ್ಟ್‌ವೇರನ್ನೇ ಬಗ್ಗಿಸುತ್ತ ಹೋದರು. ಮೊದಲ ತಿಂಗಳಲ್ಲೇ ಯಾರಾದರೂ ಇವೆರಡರಲ್ಲಿ ಒಂದನ್ನು ಬಿಡಿ ಎಂದು ಗಟ್ಟಿಯಾಗಿ ಹೇಳಬೇಕಾದ ವಿಷಯ ಅದು.

ನಮ್ಮ ಕರಾರು ಬರೆಯುವಾಗ ವಕೀಲರಿಗಿಂತ ಹೆಚ್ಚು ಕೆಲಸ ಮಾಡಿದವರು ಫೈನಾನ್ಸ್ ಡೈರೆಕ್ಟರು. ಸ್ಟೋರ್ಸಿಗೆ ಬಂದಿದ್ದಾತನೂ ಅವರ ಇಬ್ಬರು ಸಹೋದ್ಯೋಗಿಗಳೂ ಕೆಲಸ ಮುಗಿಯುವವರೆಗೆ ಇರಬೇಕು, ನಮ್ಮ ಒಪ್ಪಿಗೆಯಿಲ್ಲದೆ ಬದಲಾಯಿಸುವಂತಿಲ್ಲ ಎಂದು ಹೆಸರು ಹಾಕಿಸಿದರು. ಹಣದ ಕಂತುಗಳನ್ನು ಕಾಗದದ ದಪ್ಪಕ್ಕೆ ಕಟ್ಟಿಹಾಕಲಿಲ್ಲ. ಸಾಮಾನ್ಯವಾಗಿ ವಿನ್ಯಾಸದ ದಾಖಲೆ ಕೊಟ್ಟಾಗ ಇಷ್ಟು, ಪರೀಕ್ಷೆ ಮುಗಿದಾಗ ಇಷ್ಟು ಎಂದು ಬಿಲ್ಲು ಬರುತ್ತದೆ. ನಾವು ದೊಡ್ಡ ಕಂತನ್ನು ಹಿಡಿದಿಟ್ಟುಕೊಂಡದ್ದು ಹೊಸ ವ್ಯವಸ್ಥೆಯಲ್ಲಿ ತಿಂಗಳ ಲೆಕ್ಕ ಮುಚ್ಚಿ, ಎಕ್ಸೈಸ್ ರಿಟರ್ನ್ ಸಲ್ಲಿಕೆಯಾಗುವವರೆಗೆ. ಅವರ ಕಡೆಯಿಂದಲೂ ಒಂದು ಷರತ್ತು ಬಂತು. ಪ್ರತಿ ವಿಭಾಗದಿಂದ ಒಬ್ಬ ಒಳ್ಳೆಯ ಕೆಲಸಗಾರರನ್ನು ಪೂರ್ತಿಯಾಗಿ ಈ ಕೆಲಸಕ್ಕೆ ಬಿಟ್ಟುಕೊಡಬೇಕು, ಬಿಡುವಿರುವವರನ್ನು ಕಳಿಸಬಾರದು. ಯಾವ ಕಾರ್ಖಾನೆಯಲ್ಲೂ ಬಿಡುವಿರುವವರು ಯಾಕೆ ಬಿಡುವಾಗಿದ್ದಾರೆಂದು ಎಲ್ಲರಿಗೂ ಗೊತ್ತು. ಮೇಷ್ಟ್ರನ್ನು ಬಿಟ್ಟುಕೊಟ್ಟಾಗ ಸ್ಟೋರ್ಸಿನಲ್ಲಿ ಗಲಾಟೆಯೇ ಆಯಿತು.

ಇನ್ನೊಂದು ಕೆಲಸವನ್ನು ಸಲಹೆಗಾರರು ಖಡಾಖಂಡಿತವಾಗಿ ಒಲ್ಲೆವೆಂದರು. ಐಟಂ ಪಟ್ಟಿ ಶುಚಿಗೊಳಿಸುವುದು. 6205 ಬೇರಿಂಗ್ ಒಂದೇ ವಸ್ತು. ನಮ್ಮ ಪಟ್ಟಿಯಲ್ಲಿ ಅದು ‘ಬಿಆರ್‌ಜಿ 6205’, ‘ಬೇರಿಂಗ್ ಬಾಲ್ 25 ಎಂಎಂ’, ‘6205 ಹೊಸೂರು’ ಎಂದೆಲ್ಲ ಬೇರೆ ಬೇರೆ ಕೋಡಿನಲ್ಲಿ ಕೂತಿತ್ತು. ಒಂದರಲ್ಲಿ ಸ್ಟಾಕು ಮುಗಿದರೆ ಹೊಸದಾಗಿ ಆರ್ಡರು, ಇನ್ನೊಂದರಲ್ಲಿ ಅದೇ ಮಾಲು ಧೂಳು ಹಿಡಿಯುತ್ತಿತ್ತು. ಬೇರೆ ಸಂಸ್ಥೆಯವರು ಹೆಚ್ಚುವರಿ ಹಣಕ್ಕೆ ಅದನ್ನೂ ಮಾಡಿಕೊಡುತ್ತೇವೆ ಎಂದಿದ್ದರು. ಇವರು, “ಹೊರಗಿನೋರು ಮಾಡಿದ್ರೆ ಹೆಸರು ನೋಡಿ ಮಾಡ್ತಾರೆ ಮೇಡಂ, ನಿಮ್ಮವರು ಮಾಡಿದ್ರೆ ಮಾಲು ನೋಡಿ ಮಾಡ್ತಾರೆ” ಎಂದರು. ಮೇಷ್ಟ್ರೂ ಇಬ್ಬರು ಹುಡುಗರೂ ಬಿನ್ನಿನಿಂದ ಬಿನ್ನಿಗೆ ಅಲೆದು ತಿಂಗಳುಗಟ್ಟಲೆ ಅದನ್ನು ಮಾಡಿದರು. ಆ ಕೆಲಸದಿಂದಲೇ ಉಳಿದ ಹಣ ಸಲಹೆಗಾರರ ಶುಲ್ಕದ ಒಂದು ಭಾಗವನ್ನು ತೂಗಿಸಿತು.

ಕರ್ನಾಟಕದಲ್ಲಿ ವ್ಯಾಟ್ 2005ರ ಏಪ್ರಿಲ್ 1ರಂದೇ ಬಂತು. ಹೊಸೂರಿನ ಕಡೆ, ತಮಿಳುನಾಡಿನಲ್ಲಿ, ಅದು ಬಂದದ್ದು 2007ರ ಜನವರಿಯಲ್ಲಿ. ನಾವು ಮೊದಲು ಪೀಣ್ಯದಲ್ಲಿ, ವ್ಯಾಟಿನ ಮೊದಲ ಗೊಂದಲ ತಣ್ಣಗಾದ ಮೇಲೆ, ಹೊಸ ವ್ಯವಸ್ಥೆ ಶುರು ಮಾಡಿದೆವು. ಅಲ್ಲಿ ನಿಂತ ಮೇಲೆ ಹೊಸೂರು, ಆಮೇಲೆ ಡಿಪೊಗಳು. ತೊಂದರೆಯೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಇನ್‌ವಾಯ್ಸ್ ಪ್ರಿಂಟಾಗದೆ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದ್ದುಂಟು, ಡ್ರೈವರುಗಳು ನಮ್ಮ ವಿಭಾಗದ ಕಿಟಕಿಯ ಕೆಳಗೇ ನಿಂತು ಬೈದದ್ದೂ ಉಂಟು. ಆದರೆ ಅಂಥ ದಿನಗಳಲ್ಲಿ ಫೋನ್ ಮಾಡಿದರೆ ಎತ್ತುವವರು, ಕೆಲಸ ಗೊತ್ತಿದ್ದವರು, ಪಕ್ಕದ ಕೋಣೆಯಲ್ಲೇ ಕೂತಿದ್ದರು. ಪೆನ್ಸಿಲ್ಲಿನ ಲೆಕ್ಕ ಕಂಪ್ಯೂಟರಿಗೆ ಬಂತು. ಜಾಬ್‌ವರ್ಕಿನ ಬಾಕಿ ತುಂಡುಗಳ ಪಟ್ಟಿ ಬೆಳಿಗ್ಗೆ ಮೇಷ್ಟ್ರ ಮೇಜಿನ ಮೇಲೆ ತಾನೇ ಬಂದು ಕೂರತೊಡಗಿತು.

ಆ ಸಲಹೆಗಾರರ ಆಯ್ಕೆ ಎಷ್ಟು ಸರಿಯಾಗಿತ್ತೆಂದು ತಿಳಿದದ್ದು ಬಹಳ ತಡವಾಗಿ. ಎಸ್‌ಎಪಿಯಲ್ಲಿ ಗಿರಾಕಿಗೆಂದೇ ಹೊಸದಾಗಿ ಬರೆಸಿದ ಪ್ರೋಗ್ರಾಮುಗಳ ಹೆಸರು ‘ಝಡ್’ ಅಥವಾ ‘ವೈ’ ಅಕ್ಷರದಿಂದ ಶುರುವಾಗಬೇಕು. ವಿಭಾಗದವರು ಕೇಳಿದ್ದಕ್ಕೆಲ್ಲ ಹೂಂ ಎಂದರೆ ಈ ಝಡ್‌ಗಳು ಸಾವಿರಗಟ್ಟಲೆ ಬೆಳೆಯುತ್ತವೆ, ಪ್ರತಿಯೊಂದಕ್ಕೂ ಸಲಹೆಗಾರರಿಗೆ ದುಡ್ಡು. ನಮ್ಮ ಸಲಹೆಗಾರರು ಪ್ರತಿ ಝಡ್‌ಗೂ ವಿಭಾಗದ ಮುಖ್ಯಸ್ಥರ ಸಹಿ ಕೇಳುತ್ತಿದ್ದರು, ಯಾಕೆ ಬೇಕೆಂದು ಬರೆಸುತ್ತಿದ್ದರು. ಹಲವರು ಆ ಒಂದು ಹಾಳೆ ಬರೆಯಲಾರದೆಯೇ ಬೇಡಿಕೆ ಹಿಂತೆಗೆದುಕೊಂಡರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಕ್ಸೈಸು, ವ್ಯಾಟು, ಎಫ್ ಫಾರ್ಮಿನ ವರ್ಗಾವಣೆ ಎಲ್ಲ ಒಂದೇ ದಿನಕ್ಕೆ ಮಾಯವಾದವು. ಜಾಬ್‌ವರ್ಕಿನ ಗಡುವು 180 ದಿನದಿಂದ ಒಂದು ವರ್ಷವಾಯಿತು, ಅದರ ಲೆಕ್ಕ ಐಟಿಸಿ-04 ಫಾರ್ಮಿಗೆ ಹೋಯಿತು. ನಮಗೆ ಬದಲಾಯಿಸಬೇಕಾದ ಝಡ್‌ಗಳು ಕಡಿಮೆಯಿದ್ದವು. ನಮಗಿಂತ ಹೆಚ್ಚು ಖರ್ಚು ಮಾಡಿದ್ದ ಪರಿಚಯದ ಕಂಪನಿಯೊಂದರಲ್ಲಿ ತಿಂಗಳುಗಟ್ಟಲೆ ಇನ್‌ವಾಯ್ಸನ್ನು ಎಕ್ಸೆಲ್‌ನಲ್ಲಿ ಬರೆದರು. ಹನ್ನೆರಡು ವರ್ಷದ ಹಿಂದೆ ಕೆಲಸ ಮಾಡಿ ಹೋದ ಸಲಹೆಗಾರರ ಗುಣ ಅಂದು ಗೊತ್ತಾಯಿತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹಳೆಯ ತಲೆಮಾರಿನ ಎಸ್‌ಎಪಿ ವ್ಯವಸ್ಥೆಗಳಿಗೆ ಸಾಮಾನ್ಯ ನಿರ್ವಹಣೆ 2027ರ ಕೊನೆಯವರೆಗೆ ಮಾತ್ರ ಎಂದು ಆ ಕಂಪನಿ 2020ರಲ್ಲಿ ಪ್ರಕಟಿಸಿದೆ. ಹೆಚ್ಚು ಹಣ ಕೊಟ್ಟರೆ 2030ರವರೆಗೆ. ಹಾಗಾಗಿ ಅದನ್ನು ಬಳಸುವ ಕಾರ್ಖಾನೆಗಳು ಮತ್ತೆ ಸಲಹೆಗಾರರನ್ನು ಹುಡುಕುತ್ತಿವೆ. ನನ್ನ ಹಳೆಯ ವಿಭಾಗದ ಹುಡುಗಿಯೊಬ್ಬಳು, ಈಗ ಬೇರೆ ಕಂಪನಿಯಲ್ಲಿ ಐಟಿ ಮುಖ್ಯಸ್ಥೆ, “ಮೇಡಂ, ಸ್ಲೈಡಿನಲ್ಲಿ ಈಗ ಭೂಪಟ ಇಲ್ಲ, ಎಐ ಇದೆ” ಎಂದು ನಗುತ್ತಾಳೆ. ಕೃತಕ ಬುದ್ಧಿಮತ್ತೆ ಪ್ರೋಗ್ರಾಂ ಬರೆಯಬಹುದು, ಪರೀಕ್ಷೆಯನ್ನೂ ಬೇಗ ಮುಗಿಸಬಹುದು. ಚಲನ್ನಿನ ಹಿಂಬದಿಯ ಪೆನ್ಸಿಲ್ ಗುರುತು ಅದಕ್ಕೆ ಸಿಗಬೇಕಾದರೆ ಮೊದಲು ಯಾರಾದರೂ ಸ್ಟೋರ್ಸಿಗೆ ಹೋಗಿ ಅದನ್ನು ಕೇಳಿರಬೇಕು.

ಅವಳಿಗೆ ಹೇಳಿದ್ದನ್ನೇ ಈ ಕೆಲಸ ಕೈಗೆತ್ತಿಕೊಂಡಿರುವ ಎಲ್ಲರಿಗೂ ಹೇಳುತ್ತೇನೆ. ಸಂಸ್ಥೆಯ ಹೆಸರು ನೋಡಿ ಸಹಿ ಹಾಕಬೇಡಿ, ದಿನವೂ ಬಂದು ಕೂರುವವರನ್ನು ಕಣ್ಣಾರೆ ನೋಡಿ ಹಾಕಿ. ಅವರ ಹಣ ಎಲ್ಲಿಂದ ಬರುತ್ತದೆಂದು ಕೇಳಿ, ಕೇಳಲು ಸಂಕೋಚ ಬೇಡ. ನಿಮ್ಮ ಸಮಿತಿಯಲ್ಲಿ ಕಾಗದ ಮುಟ್ಟಿ ಕೆಲಸ ಮಾಡುವ ಒಬ್ಬರಾದರೂ ಇರಲಿ. ಮತ್ತು ನಿಮ್ಮ ದೊಡ್ಡವರು ಇಟ್ಟ ದಿನಾಂಕಕ್ಕೆ, ಕೇಳಿದ ಸೌಲಭ್ಯಕ್ಕೆ ಒಂದು ಸಲವೂ ಬೇಡ ಎನ್ನದ ಸಲಹೆಗಾರರು ಬಂದರೆ, ಎಷ್ಟೇ ಕಡಿಮೆ ಬೆಲೆ ಹೇಳಿದರೂ ವಾಪಸು ಕಳಿಸಿ. ಎಲ್ಲದಕ್ಕೂ ಹೌದು ಎನ್ನುವವರು ನಿಮ್ಮ ಕಂಪನಿಯಲ್ಲಿ ಈಗಾಗಲೇ ಬೇಕಾದಷ್ಟು ಇದ್ದಾರೆ.